ಹೊದಿಸಿದ ಶಾಲು ಹಿಂದಿರುಗಿಸಿದ ವರ್ಷ

ಆರ್ಥಿಕ ಹಿಂಜರಿತದ ಆ ವರ್ಷ ಹೆದ್ದಾರಿ ಬದಿಯ ಜಾಹೀರಾತು ಹಲಗೆಗಳು ಒಂದೊಂದಾಗಿ ಬರಿದಾಗುತ್ತಿದ್ದವು. ಮನೆ ಮಾರುವವರು, ಕಾರು ಮಾರುವವರು, ಸಾಲ ಕೊಡುವವರು ಎಲ್ಲರೂ ಹಿಂದೆ ಸರಿದಿದ್ದರು. ಶಿಕಾಗೋ ಹತ್ತಿರದ ಪ್ಲೇನ್‌ಫೀಲ್ಡ್‌ನ ನಮ್ಮ ಎಕ್ಸಿಟ್ ದಾಟಿ ದಕ್ಷಿಣಕ್ಕೆ ಹೊರಟರೆ ಒಂದು ಬಿಳಿ ಹಲಗೆ, ಆಮೇಲೆ ಇನ್ನೊಂದು ಬಿಳಿ ಹಲಗೆ, ಬಾಡಿಗೆಗೆ ಬೇಕಿದ್ದರೆ ಕರೆ ಮಾಡಿ ಎಂಬ ಒಂದೇ ಸಾಲು. ಅವುಗಳ ನಡುವೆ, ಕಟಾವಾದ ಜೋಳದ ಹೊಲದ ಅಂಚಿನಲ್ಲಿ, ಒಂದು ಹಲಗೆ ಮಾತ್ರ ಮೈತುಂಬ ಬಣ್ಣ ಹೊತ್ತು ನಿಂತಿತ್ತು. ಅದರಲ್ಲಿ ನನ್ನ ಮಗಳಿದ್ದಳು.

ಬಾಸ್ಕೆಟ್‌ಬಾಲ್ ಚೆಂಡನ್ನು ಸೊಂಟಕ್ಕೆ ಒತ್ತಿಕೊಂಡು, ಗಲ್ಲವನ್ನು ತುಸು ತಗ್ಗಿಸಿ, ಬರುವ ವಾಹನಗಳನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ಅವಳ ಯೂನಿವರ್ಸಿಟಿಯ ಹೆಸರು, ಕೆಳಗೆ ಪಂದ್ಯಗಳ ಸೀಸನ್ ಟಿಕೆಟ್ ಕೊಳ್ಳಲು ಫೋನ್ ನಂಬರು. ಎಡಗಿವಿಯ ಹತ್ತಿರ ಜಡೆಯಿಂದ ತಪ್ಪಿಸಿಕೊಂಡ ಕೂದಲೆಳೆ, ಚಿಕ್ಕವಳಿದ್ದಾಗ ಸೈಕಲ್ಲಿನಿಂದ ಬಿದ್ದು ಹುಬ್ಬಿನಲ್ಲಿ ಉಳಿದ ಗಾಯದ ಗುರುತು, ಎಲ್ಲವೂ ಇದ್ದಲ್ಲೇ ಇದ್ದವು. ಒಂದು ಮಾತ್ರ ಇರಲಿಲ್ಲ. ದೃಷ್ಟಿ ಆಗದಿರಲೆಂದು ನಾನು ಅವಳ ಬಲಗೈಗೆ ಕಟ್ಟಿದ್ದ ಕಪ್ಪು ದಾರ. ಫೋಟೋ ತೆಗೆದ ದಿನ ಅದು ಕೈಯಲ್ಲೇ ಇತ್ತೆಂದು ಅವಳೇ ಹೇಳಿದ್ದಳು. ಯಾರೋ ಕಂಪ್ಯೂಟರಿನಲ್ಲಿ ಅದನ್ನು ಒರೆಸಿ ಹಾಕಿದ್ದರು.

ಮೊದಲ ಸಲ ಕಂಡಾಗ ನಮ್ಮ ಯಜಮಾನರು ಕಾರನ್ನು ಬದಿಗೆ ತೆಗೆದು ನಿಲ್ಲಿಸಿಯೇಬಿಟ್ಟರು.

"ನೋಡೇ, ನಮ್ಮ ಪುಟ್ಟಿ! ಕೆಳಗಡೆ ಲೈಟ್ ಬೇರೆ ಹಾಕಿದಾರೆ."

"ಎಷ್ಟು ಜನರ ಕಣ್ಣು ಬೀಳತ್ತೋ ರೀ. ದಾರಾನೂ ಅಳಿಸಿದಾರೆ."

"ಇಷ್ಟು ದೊಡ್ಡ ಮುಖಕ್ಕೆ ದೃಷ್ಟಿ ತೆಗೀಬೇಕು ಅಂದ್ರೆ ಫೈರ್ ಇಂಜಿನ್ ಏಣಿ ತರಿಸ್ಬೇಕಾಗತ್ತೆ ಕಣೇ."

ಅವರು ನಕ್ಕರು, ನಾನೂ ನಕ್ಕೆ. ಹಿಂದಿನಿಂದ ಬಂದ ಟ್ರಕ್ಕೊಂದು ನಮ್ಮ ಕಾರನ್ನು ಪೂರಾ ಅಲ್ಲಾಡಿಸಿ ಮುಂದೆ ಹೋಯಿತು. ನಗು ಅಲ್ಲಿಗೇ ನಿಂತಿತು.

ನಗುವುದಕ್ಕೆ ಆಗ ನಮಗೆ ಹೆಚ್ಚು ಕಾರಣಗಳೇನೂ ಇರಲಿಲ್ಲ. ಅವರು ಕೆಲಸ ಮಾಡುತ್ತಿದ್ದದ್ದು ಕಾರಿನ ಬಾಗಿಲಿನ ಭಾಗಗಳನ್ನು ಮಾಡುವ ಕಂಪನಿಯಲ್ಲಿ. ಇಲ್ಲಿನ ಆಫೀಸನ್ನು ಮುಚ್ಚಿದ ಮೇಲೆ ಡೆಟ್ರಾಯ್ಟ್ ಹತ್ತಿರದ ಆಫೀಸಿಗೆ ಬರುವುದಾದರೆ ಬನ್ನಿ, ಇಲ್ಲವಾದರೆ ಇಲ್ಲ ಎಂದಿದ್ದರು. ಅಲ್ಲೊಂದು ಬಾಡಿಗೆ ರೂಮು ಹಿಡಿದು, ಶುಕ್ರವಾರ ಸಂಜೆ ಹೊರಟು ಮನೆಗೆ ಬರುತ್ತಿದ್ದರು, ಭಾನುವಾರ ಊಟ ಮುಗಿಸಿ ಮತ್ತೆ ಹೊರಡುತ್ತಿದ್ದರು. ಕಂಪನಿ ಹೇಗಿದೆ ಎಂದು ನಾನು ಕೇಳುತ್ತಿರಲಿಲ್ಲ. ಅವರೇ ಫೋನಿನಲ್ಲಿ ಹೇಳುತ್ತಿದ್ದರು: "ಈ ವಾರ ಪಾರ್ಕಿಂಗ್ ಇನ್ನೂ ಬಾಗಿಲ ಹತ್ರಾನೇ ಸಿಕ್ತು ಕಣೇ." ಮೊದಲೆಲ್ಲ ಆಫೀಸಿನ ಬಾಗಿಲಿನಿಂದ ಬಹಳ ದೂರ ಕಾರು ನಿಲ್ಲಿಸಿ ನಡೆಯಬೇಕಿತ್ತಂತೆ. ಹತ್ತಿರ, ಇನ್ನೂ ಹತ್ತಿರ ಎಂದು ಅವರು ಹೇಳಿದಂತೆಲ್ಲ ಇನ್ನೆಷ್ಟು ಜನರ ಕೆಲಸ ಹೋಯಿತೋ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ನಮ್ಮ ಸಬ್‌ಡಿವಿಜನ್ನಿನಲ್ಲಿ ಎದುರು ಮನೆಯವರು ಮನೆ ಸಾಲದ ಕಂತು ಕಟ್ಟಲಾಗದೆ, ಹೇಳದೆ ಕೇಳದೆ ಹೊರಟುಹೋಗಿದ್ದರು. ಹ್ಯಾಲೊವೀನ್‌ಗೆಂದು ಅವರು ಮೆಟ್ಟಿಲ ಮೇಲಿಟ್ಟಿದ್ದ ಕುಂಬಳಕಾಯಿ ದಿನದಿಂದ ದಿನಕ್ಕೆ ಒಳಗೊಳಗೇ ಕುಸಿಯುತ್ತಿತ್ತು. ನಾನು ಅಡುಗೆಮನೆಯ ಕಿಟಕಿಯಿಂದ ಅದನ್ನೇ ನೋಡುತ್ತಿದ್ದೆ.

ಹೀಗಿರುವಾಗ ನಮ್ಮ ಮನೆಯಲ್ಲಿ ಗಟ್ಟಿಯಾಗಿ ನಿಂತಿದ್ದದ್ದು ಮಗಳ ಸ್ಕಾಲರ್‌ಶಿಪ್ ಒಂದೇ. ಅವಳು ಎರಡನೆಯ ವರ್ಷದಲ್ಲಿದ್ದಳು. ಬಾಸ್ಕೆಟ್‌ಬಾಲ್ ಆಡುವುದಕ್ಕಾಗಿ ಯೂನಿವರ್ಸಿಟಿ ಅವಳ ಓದು, ಊಟ, ವಸತಿ ಎಲ್ಲವನ್ನೂ ನೋಡಿಕೊಳ್ಳುತ್ತಿತ್ತು. ಆದರೆ ನಾಲ್ಕು ವರ್ಷಕ್ಕೆಂದು ಯಾರೂ ಬರೆದುಕೊಟ್ಟಿರಲಿಲ್ಲ. ಪ್ರತಿ ಬೇಸಿಗೆ ಅದು ಮುಗಿಯುತ್ತಿತ್ತು, ಅವರಿಗೆ ಬೇಕೆನಿಸಿದರೆ ಮತ್ತೆ ಕೊಡುತ್ತಿದ್ದರು. ಅದು ತಪ್ಪಿದರೆ ಅಲ್ಲಿ ಓದಿಸುವ ಶಕ್ತಿ ನಮಗಿರಲಿಲ್ಲ. ಇದು ನಮಗೆ ಮೂವರಿಗೂ ಗೊತ್ತಿತ್ತು, ಮೂವರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಶಿಕಾಗೋದ ಇನ್ನೊಂದು ಉಪನಗರ ಹಾಫ್‌ಮನ್ ಎಸ್ಟೇಟ್ಸ್‌ನಿಂದ ನಮ್ಮ ಕನ್ನಡ ಕೂಟದ ಅಧ್ಯಕ್ಷರು ಫೋನ್ ಮಾಡಿದರು. ಧಾರವಾಡದ ಕಡೆಯವರು. ನಮ್ಮ ಮಕ್ಕಳಿಗೆಲ್ಲ ಅವರು ಅಂಕಲ್, ನನಗೂ ಕೇಳಿ ಕೇಳಿ ಅಂಕಲ್ಲೇ ಆಗಿದ್ದರು.

"ಏನವಾ ತಂಗಿ, ಹಲಗಿ ಮ್ಯಾಲ ನಮ್ಮ ಹುಡಿಗಿ ನೋಡಿ ಮುಂದಿನ ಎಕ್ಸಿಟ್ಟಿಗೆ ಹೋಗಿ, ತಿರುಗಿ ಬಂದು, ಮತ್ತೊಮ್ಮೆ ನೋಡಿದ್ನಿ! ನಿಮ್ಮ ಅಕ್ಕಾರು ಬೈದರು, ಪೆಟ್ರೋಲ್ ಏನ್ ಪುಕಟ ಬರತದೇನಂತ. ಈ ಸಲ ರಾಜ್ಯೋತ್ಸವದಾಗ ಆಕಿಗೊಂದು ಸನ್ಮಾನ ಮಾಡೂದೇ ಅಂತ ಕಮಿಟಿಯೊಳಗ ಠರಾವಾಗೇದ."

ಮಗಳಿಗೆ ಹೇಳಿದೆ. ಅವಳು ಸಹಾಯಕ ಕೋಚ್‌ರನ್ನು ಕೇಳಿದಳು. ಮನೆಯವರ ಜೊತೆ ಒಂದು ಹಬ್ಬಕ್ಕೆ ಹೋಗಬೇಕು ಎಂದಳಂತೆ, ಅವರು ಖುಷಿಯಾಗಿ ಹೋಗಿ ಬಾ ಎಂದರಂತೆ. ಅಲ್ಲಿಗೆ ಅನುಮತಿ ಸಿಕ್ಕಂತಾಯಿತು ಎಂದುಕೊಂಡೆವು. ಮೈಸೂರಿನ ಕಾನ್ವೆಂಟಿನಲ್ಲಿ ಹನ್ನೆರಡು ವರ್ಷ ಓದಿದವಳು ನಾನು. ನೀರು ಕುಡಿಯಲು ಹೋಗುವುದಕ್ಕೂ ಸಿಸ್ಟರ್ ಮುಂದೆ ಕೈಕಟ್ಟಿ ಕೇಳಿದವಳು. ಕೇಳಿ ಮಾಡಿದ ಕೆಲಸದಲ್ಲಿ ತಪ್ಪಿರುವುದಿಲ್ಲ ಎಂಬುದು ನನ್ನ ಮೈಯಲ್ಲಿ ಬೇರೂರಿದ ನಂಬಿಕೆ.

ರಾಜ್ಯೋತ್ಸವ ಒಂದು ಹೈಸ್ಕೂಲಿನ ಆಡಿಟೋರಿಯಮ್ಮಿನಲ್ಲಿ ನಡೆಯಿತು. ಬಾಗಿಲಲ್ಲೇ ಒಬ್ಬರು ಹಳದಿ ಕೆಂಪು ಬಣ್ಣದ ಫ್ಲೈಯರ್ ಕೊಟ್ಟರು. ಮೇಲೆ ತಾಯಿ ಭುವನೇಶ್ವರಿ, ಮಧ್ಯೆ ನನ್ನ ಮಗಳು. ಹೆದ್ದಾರಿ ಹಲಗೆಯ ಅದೇ ಫೋಟೋ, ಅಂಕಲ್ ಯೂನಿವರ್ಸಿಟಿಯ ವೆಬ್‌ಸೈಟಿನಿಂದ ಇಳಿಸಿಕೊಂಡದ್ದು. ಕೆಳಗೆ ಶಿಕಾಗೋದಲ್ಲಿ ನಮ್ಮವರ ಅಂಗಡಿಗಳಿರುವ ಡೆವಾನ್ ಬೀದಿಯ ಒಂದು ಒಡವೆ ಅಂಗಡಿಯ ಜಾಹೀರಾತು. ಈ ಹಾಳೆ ತಂದವರಿಗೆ ಮಜೂರಿಯಲ್ಲಿ ರಿಯಾಯಿತಿ. ಕಾರ್ಯಕ್ರಮದ ಊಟದ ಖರ್ಚು ಆ ಅಂಗಡಿಯವರದಂತೆ. ನಮ್ಮ ಕೂಟದ ಯಾವ ಹಬ್ಬ ತಾನೇ ಹಾಗೆ ನಡೆದಿಲ್ಲ? ಸಂಕ್ರಾಂತಿಗೆ ಮನೆ ಮಾರುವವರು, ಯುಗಾದಿಗೆ ಇನ್ಶೂರೆನ್ಸ್‌ನವರು. ಫ್ಲೈಯರನ್ನು ನೀಟಾಗಿ ಮಡಿಸಿ ಬ್ಯಾಗಿನಲ್ಲಿಟ್ಟುಕೊಂಡೆ, ಮೈಸೂರಿಗೆ ಅತ್ತಿಗೆಗೆ ಕಳಿಸೋಣವೆಂದು.

ವೇದಿಕೆಯ ಮೇಲೆ ಅವಳಿಗೆ ಮೈಸೂರು ಪೇಟ ತೊಡಿಸಿದರು. ಅದು ಜಾರಿ ಕಣ್ಣಿನ ಮೇಲೆ ಬಂದಾಗ ಸಭೆಯೆಲ್ಲ ನಕ್ಕಿತು. ಅಂಕಲ್ ಅವರ ಹೆಂಡತಿ ಶಾಲು ಬಿಡಿಸಿಕೊಂಡು ಬಂದರು. ಅವರು ಎದ್ದು ನಿಂತರೆ ನನ್ನ ಮಗಳ ಮೊಣಕೈಗೆ ಬರುತ್ತಾರೆ.

"ಬಗ್ಗವಾ ಸ್ವಲ್ಪ, ಎಷ್ಟ್ ಉದ್ದ ಬೆಳದೀಯೇ! ಆಂಟಿಗೆ ಕುರ್ಚಿ ಹಾಕಸ್ತೀ ಏನು?"

"ಸಾರಿ ಆಂಟಿ," ಎಂದು ಅವಳು ಬಗ್ಗಿದಳು. ತುಪ್ಪದ ಬಣ್ಣದ ಶಾಲು, ಅಂಚಿನಲ್ಲಿ ಸಣ್ಣ ಮಾವಿನಕಾಯಿ ಚಿತ್ತಾರ. ಹಾರ, ಹಣ್ಣಿನ ಬುಟ್ಟಿ, ತೆಂಗಿನಕಾಯಿ. ಕೊನೆಗೆ ಒಡವೆ ಅಂಗಡಿಯ ಮಾಲೀಕರು ತಾವೇ ಬಂದು ಒಂದು ಬೆಳ್ಳಿ ಬಟ್ಟಲು ಕೊಟ್ಟರು. ಕ್ಯಾಮೆರಾಗಳು ಮಿಂಚಿದವು. ಅವರು ಬಟ್ಟಲನ್ನು ಕೊಟ್ಟೂ ಕೈ ಬಿಡಲಿಲ್ಲ, ಫೋಟೋ ಮುಗಿಯುವವರೆಗೂ ಬಟ್ಟಲಿನ ಒಂದು ಅಂಚನ್ನು ಹಿಡಿದೇ ಇದ್ದರು. ಅದೊಂದು ಯಾಕೋ ನನ್ನ ಕಣ್ಣಿಗೆ ಚುಚ್ಚಿತ್ತು.

ಫೋನ್ ಬಂದದ್ದು ಮುಂದಿನ ವಾರ. ಮಗಳು ಯಾವತ್ತೂ ಹಗಲಲ್ಲಿ ಕರೆ ಮಾಡುವವಳಲ್ಲ.

"ಅಮ್ಮಾ, ಆರ್ ಯೂ ಸಿಟಿಂಗ್ ಡೌನ್?"

ಆಟಗಾರರು ನಿಯಮ ಪಾಲಿಸುತ್ತಾರೋ ಇಲ್ಲವೋ ನೋಡಿಕೊಳ್ಳಲು ಯೂನಿವರ್ಸಿಟಿಯಲ್ಲೇ ಒಂದು ಕಂಪ್ಲಯನ್ಸ್ ಆಫೀಸ್ ಇತ್ತು. ಅವರಿಗೆ ನಮ್ಮ ಕೂಟದ ವೆಬ್‌ಸೈಟಿನಲ್ಲಿ ಆ ಫ್ಲೈಯರ್ ಸಿಕ್ಕಿತ್ತು. ಕಾಲೇಜು ಆಟಗಾರರು ತಮ್ಮ ಹೆಸರನ್ನಾಗಲಿ ಮುಖವನ್ನಾಗಲಿ ಯಾವ ವ್ಯಾಪಾರಕ್ಕೂ ಕೊಡುವಂತಿಲ್ಲ, ಆಟದ ಕಾರಣಕ್ಕೆ ಯಾರಿಂದಲೂ ಉಡುಗೊರೆ ಪಡೆಯುವಂತಿಲ್ಲ ಎಂಬುದು ಆಗಿನ ನಿಯಮ. ಮಗಳಿಗೆ ಅದು ಗೊತ್ತಿತ್ತು. ಶೂ ಕಂಪನಿ, ಸೋಡಾ ಕಂಪನಿ ಎಂದರೆ ಅವಳು ಹತ್ತಿರವೂ ಸುಳಿಯುತ್ತಿರಲಿಲ್ಲ. ಶಾಲು ತೆಂಗಿನಕಾಯಿಗಳೂ ಅದರಲ್ಲಿ ಸೇರುತ್ತವೆಂದು ಅವಳಿಗಾಗಲಿ ನಮಗಾಗಲಿ ಹೇಗೆ ಹೊಳೆಯಬೇಕು? ವಿಚಾರಣೆ ಮುಗಿಯುವವರೆಗೆ ಅವಳು ಆಡುವಂತಿಲ್ಲ ಎಂದಿದ್ದರು.

"ಅವರಿಗೆ ಇದೆಲ್ಲಾ ಹೇಗೆ ಕಾಣಿಸ್ತು ಪುಟ್ಟಿ? ಕನ್ನಡ ಕೂಟದ ವೆಬ್‌ಸೈಟ್ ನಾವೇ ನೋಡಲ್ಲ."

"ದೇ ಸರ್ಚ್ ಅಮ್ಮಾ. ಎವ್ರಿ ಮಾರ್ನಿಂಗ್. ಬಿಕಾಸ್ ಆಫ್ ದ ಲಾಸೂಟ್."

ದಾವೆಯ ಸಂಗತಿ ಆಗಲೇ ನಾನು ಮೊದಲ ಸಲ ಸರಿಯಾಗಿ ಕೇಳಿದ್ದು. ಕೆಲವು ಹಳೆಯ ಆಟಗಾರರು ಕಾಲೇಜು ಆಟಗಳನ್ನು ನಡೆಸುವ ದೊಡ್ಡ ಸಂಸ್ಥೆಯನ್ನು ಕೋರ್ಟಿಗೆ ಎಳೆದಿದ್ದರು. ನಮ್ಮ ಮುಖ ಮಾರಿದಿರಿ, ನಮ್ಮ ಆಟ ಮಾರಿದಿರಿ, ಬಂದ ಆದಾಯದಲ್ಲಿ ನಮಗೂ ಪಾಲಿರಲಿ ಎಂಬುದು ಅವರ ವಾದ. ಅವರು ಹೆಸರುವಾಸಿ ಗಂಡುಮಕ್ಕಳು, ದೊಡ್ಡ ದೊಡ್ಡ ಕ್ರೀಡಾಂಗಣಗಳಲ್ಲಿ ಆಡಿದವರು. ನಮ್ಮ ಹುಡುಗಿಯರ ತಂಡಕ್ಕೂ ಅದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದಿತ್ತು. ಆದರೆ ಆ ದಾವೆಯ ನಂತರ ಎಲ್ಲ ಕಡೆ ಹೆದರಿಕೆ ಹೊಕ್ಕಿತ್ತು. ಹೆದರಿದವರು ಸಣ್ಣ ಸಣ್ಣ ಫೋಟೋಗಳನ್ನೂ ಹುಡುಕತೊಡಗಿದ್ದರು.

ಎರಡು ದಿನ ಬಿಟ್ಟು ಆ ಆಫೀಸಿನ ಯುವಕನೊಬ್ಬ ನನಗೇ ಫೋನ್ ಮಾಡಿದ. ಬಹಳ ಮೃದುವಾದ ದನಿ. ಉಗುರು ನೋಡುವ ಮೊದಲು ನಮ್ಮ ಸಿಸ್ಟರ್ ಹೀಗೆಯೇ ಮೆತ್ತಗೆ ಮಾತಾಡುತ್ತಿದ್ದರು. ಮಗಳಿಗೆ ಕೊಟ್ಟ ವಸ್ತುಗಳನ್ನೆಲ್ಲ ಒಂದೊಂದಾಗಿ ಹೇಳಬೇಕೆಂದ, ಪ್ರತಿಯೊಂದರ ಬೆಲೆ ಸಮೇತ. ಪೇಟ ಕೂಟದ್ದೇ, ಅಲ್ಲೇ ತೆಗೆದುಕೊಂಡರು ಎಂದೆ. ಹಾರ ಬಾಡಿತು. ಶಾಲು ಇದೆ, ಬಟ್ಟಲು ಇದೆ. ತೆಂಗಿನಕಾಯಿ ಎಲ್ಲಿ ಎಂದು ಕೇಳಿದ. ಅದನ್ನು ತುರಿದು ಹುಳಿಗೆ ಹಾಕಿದ್ದೆ, ಉಳಿದದ್ದನ್ನು ಚಟ್ನಿ ಮಾಡಿದ್ದೆ. ಆಮೇಲೆ ತಿಳಿಸುತ್ತೇನೆಂದು ಹೇಳಿ ಡೆಟ್ರಾಯ್ಟ್‌ಗೆ ಫೋನ್ ಹಚ್ಚಿದೆ.

"ಚಟ್ನಿ ಆಗಿದೆ, ಬೇಕಾದ್ರೆ ದೋಸೆ ತಗೊಂಡ್ ಬನ್ನಿ ಅಂತ ಹೇಳೇ," ಎಂದರು ಯಜಮಾನರು. ಆಮೇಲೆ ದನಿ ಇಳಿಸಿದರು. "ತಮಾಷೆ ಮಾಡ್ಬಾರ್ದು ಅಲ್ವಾ?"

"ಬೇಡ ರೀ. ಅವನು ಬರ್ಕೋತಿದಾನೆ."

ತಪ್ಪೊಪ್ಪಿಗೆ ಬರೆದುಕೊಟ್ಟು, ವಸ್ತುಗಳನ್ನು ಕೊಟ್ಟವರಿಗೇ ಹಿಂದಿರುಗಿಸಿ, ಅವರಿಂದ ರಸೀದಿ ತಂದರೆ ಕೆಲವು ಪಂದ್ಯ ಕೂರಿಸಿ ಮತ್ತೆ ಆಡಲು ಬಿಡಬಹುದು ಎಂದು ಆಫೀಸಿನಿಂದ ತಿಳಿಸಿದರು. ಮಗಳು ಬರೆದುಕೊಟ್ಟಳು. ಅವರೇ ಸಿದ್ಧಪಡಿಸಿದ ವಾಕ್ಯಗಳು. ಯೂನಿವರ್ಸಿಟಿಗೆ ಸೇರಿದ ಚಿತ್ರವನ್ನು ಅನುಮತಿ ಇಲ್ಲದೆ ಬಳಸಿದ್ದಕ್ಕೆ ವಿಷಾದಿಸುತ್ತೇನೆ ಎಂಬುದೂ ಅದರಲ್ಲೊಂದು. ಅದನ್ನು ನನಗೆ ಫೋನಿನಲ್ಲಿ ಓದಿ ಹೇಳಿ, "ಇಟ್ಸ್ ಮೈ ಫೇಸ್, ಅಮ್ಮಾ," ಎಂದಳು. ಸೈನ್ ಮಾಡಿಬಿಡು ಎಂದೆ. ಮಾಡಿದಳು.

ಶಾಲು ಹಿಂದಿರುಗಿಸುವ ಕೆಲಸ ನನ್ನ ಪಾಲಿಗೆ ಬಂತು. ಬಟ್ಟಲನ್ನು ಅಂಗಡಿಯವರು ಬೇಗ ಒಳಗಿಟ್ಟುಕೊಂಡು ರಸೀದಿ ಹರಿದು ಕೊಟ್ಟರು, ಅಲ್ಲಿ ಕಷ್ಟವಾಗಲಿಲ್ಲ. ಶಾಲನ್ನು ಮಾತ್ರ ಅದರ ಮೊದಲಿನ ಮಡಿಕೆ ಹುಡುಕಿ ಹುಡುಕಿ ಮಡಿಸಿದೆ. ಒಂದು ಕಡೆ ಕುಂಕುಮದ ಚುಕ್ಕೆ ಹತ್ತಿತ್ತು. ಅದನ್ನು ಒಳಗೆ ಬರುವಂತೆ ಮಾಡಿದೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಮಡಿಲಿಗೆ ಬಿದ್ದದ್ದನ್ನು ತಿರುಗಿ ಕೊಡಲು ಯಾರ ಮನೆಯ ಬಾಗಿಲಿಗೂ ನಾನು ಹೋದವಳಲ್ಲ. ನನ್ನ ಬಳಗದಲ್ಲಿ ಬೇರೆ ಯಾರೂ ಹೋದದ್ದು ಕೇಳಿಲ್ಲ.

ಅಂಕಲ್ ಬಾಗಿಲು ತೆಗೆದರು. ಕೈಯಲ್ಲಿದ್ದ ಕವರ್ ನೋಡಿ ಅವರ ಮುಖ ಕೆಂಪಾಯಿತು.

"ಕೊಟ್ಟ ಶಾಲು ಯಾರರೆ ತಿರುಗಿ ತಗೋತಾರೇನವಾ? ಸತ್ತವರ ಮ್ಯಾಲಿಂದ ತಗದಂಗ! ಅವರ ಆಫೀಸಿನವರು ಆಕಿ ಮುಖ ತೋರಿಸಿ ಟಿಕೀಟ್ ಮಾರಬಹುದು, ನಾವು ಒಂದು ಶಾಲು ಹೊಚ್ಚಿದ್ರ ಅಪರಾಧ?"

"ಅಂಕಲ್, ಅವಳು ಆಡಬೇಕು. ನಿಮ್ಮ ಸಹಿ ಇಲ್ಲದೆ ಬಿಡಲ್ಲ."

ಅವರ ಹೆಂಡತಿ ಒಳಗಿನಿಂದ ಬಂದು ಕವರ್ ತೆಗೆದುಕೊಂಡರು. ಅಡುಗೆಮನೆಯಿಂದ ಉಪ್ಪಿಟ್ಟಿನ ಒಗ್ಗರಣೆ ವಾಸನೆ ಬರುತ್ತಿತ್ತು. ಅಂಕಲ್ ರಸೀದಿಗೆ ಕನ್ನಡದಲ್ಲಿ ಸಹಿ ಹಾಕಿದರು, ಅಕ್ಷರ ಒತ್ತಿ ಒತ್ತಿ. ಹೊರಡುವಾಗ ಅವರ ಹೆಂಡತಿ ಪದ್ಧತಿಯಂತೆ ನನಗೆ ಅರಿಶಿನ ಕುಂಕುಮ ಕೊಟ್ಟು, ಕಪಾಟಿನಿಂದ ಒಂದು ರವಿಕೆ ಕಣ, ಎಲೆ ಅಡಿಕೆ ತಂದರು. ತಂದವರು ನಡುವೆಯೇ ನಿಂತರು.

"ನಿಮಗರೆ ಕೊಡಬಹುದೋ ಇಲ್ಲೋ?"

ವ್ಯಂಗ್ಯವಾಗಿ ಕೇಳಲಿಲ್ಲ, ನಿಜವಾಗಿಯೂ ಹೆದರಿ ಕೇಳಿದರು. ನನಗೂ ಗೊತ್ತಿರಲಿಲ್ಲ. ಆಟಗಾರ್ತಿಯ ತಾಯಿ ರವಿಕೆ ಕಣ ತೆಗೆದುಕೊಳ್ಳಬಹುದೇ ಎಂದು ಆ ಮೃದು ದನಿಯವನನ್ನು ಕೇಳುವುದು ಹೇಗೆ? "ಬೇಡ ಅಕ್ಕ, ಈಗ ಬೇಡ," ಎಂದು ಬರಿ ಕುಂಕುಮ ಹಚ್ಚಿಕೊಂಡು ಹೊರಬಂದೆ. ಮಡಿಲು ಬರಿದಾಗಿಟ್ಟುಕೊಂಡು ಮುತ್ತೈದೆ ಹೊರಟದ್ದನ್ನು ಅವರು ಕಿಟಕಿಯಿಂದ ನೋಡುತ್ತಿದ್ದರು.

ಚಳಿಗಾಲ ಪೂರ್ತಿ ಆವರಿಸಿತು. ಮಗಳು ತಂಡದ ಟ್ರ್ಯಾಕ್ ಸೂಟ್ ತೊಟ್ಟು ಬೆಂಚಿನ ಕೊನೆಯಲ್ಲಿ ಕೂರುತ್ತಿದ್ದಳು. ಒಂದು ಪಂದ್ಯಕ್ಕೆ ನಾವಿಬ್ಬರೂ ಹೋಗಿದ್ದೆವು. ಬಾಗಿಲಲ್ಲಿ ಮಾರುತ್ತಿದ್ದ ಕಾರ್ಯಕ್ರಮ ಪುಸ್ತಿಕೆಯ ಮುಖಪುಟದಲ್ಲಿ ಅವಳೇ ಇದ್ದಳು. ಅದರ ಹಿಂಬದಿಯಲ್ಲಿ ಒಂದು ಬ್ಯಾಂಕು, ಒಂದು ಪಿಜ್ಜಾ ಅಂಗಡಿ, ಒಂದು ಒಡವೆ ಅಂಗಡಿಯ ಜಾಹೀರಾತು. ಅಲ್ಲಿಯೂ ಒಡವೆ ಅಂಗಡಿ. ಯಜಮಾನರು ಪುಸ್ತಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಪಕ್ಕದ ಖಾಲಿ ಸೀಟಿನ ಮೇಲೆ ಮಗುಚಿಟ್ಟರು. ಮನೆಗೆ ಬರುವ ದಾರಿಯಲ್ಲಿ ಹಲಗೆ ಎದುರಾಯಿತು. ಮೂಲೆಗಳಲ್ಲಿ ಹಿಮ ಹತ್ತಿತ್ತು, ಕೆಳಗಿನ ದೀಪದ ಬೆಳಕು ಗಲ್ಲದಿಂದ ಮೇಲಕ್ಕೆ ಬಿದ್ದು ಅವಳ ಕಣ್ಣುಗಳಲ್ಲಿ ಕತ್ತಲು ತುಂಬಿತ್ತು. ನಾನು ತಲೆ ತಿರುಗಿಸಿದೆ. ನನ್ನ ಮಗಳ ಮುಖ ನೋಡಲು ನನಗೇ ಹೆದರಿಕೆಯಾದದ್ದು ಅದೇ ಮೊದಲು.

ಜನವರಿಯಲ್ಲಿ ಅವಳು ಮತ್ತೆ ಆಡತೊಡಗಿದಳು. ಮುಗಿಯಿತು ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ವಕೀಲರು ಬಂದರು.

ಶಿಕಾಗೋದಿಂದ ಬಂದ ಮಧ್ಯವಯಸ್ಸಿನ ಹೆಂಗಸು. ಆ ಹಳೆಯ ಆಟಗಾರರ ಪರವಾಗಿ ಕೆಲಸ ಮಾಡುತ್ತಿದ್ದರು. ನಮ್ಮ ಸಂಗತಿ ಅವರಿಗೆ ಹೇಗೋ ತಲುಪಿತ್ತು. ಮಗಳು ರಜೆಯ ಮೇಲೆ ಮನೆಯಲ್ಲಿದ್ದ ಶನಿವಾರ ನೋಡಿ, ಕೇಳಿಕೊಂಡೇ ಬಂದರು. ಹೇಳದೆಯೇ ಬಾಗಿಲಲ್ಲಿ ಬೂಟು ಬಿಚ್ಚಿದರು. ಒಂದು ಕಾಲುಚೀಲದ ಹೆಬ್ಬೆರಳಿನ ಹತ್ತಿರ ಹೊಲಿಗೆ ಹಾಕಿತ್ತು, ಅಂದವಾದ ಹೊಲಿಗೆ. ನಾನು ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟೆ. ಅವರು ಊಟದ ಮೇಜಿನ ಮೇಲೆ ಎರಡು ಕಾಗದ ಪಕ್ಕಪಕ್ಕ ಇಟ್ಟರು, ನಮ್ಮ ಕೂಟದ ಫ್ಲೈಯರ್ ಮತ್ತು ಹೆದ್ದಾರಿ ಹಲಗೆಯ ಫೋಟೋ. ಒಂದೇ ಮುಖ. ಒಂದಕ್ಕೆ ಶಿಕ್ಷೆ, ಇನ್ನೊಂದಕ್ಕೆ ದೀಪ. ನಡೆದದ್ದನ್ನು ನಡೆದಂತೆ ಪ್ರಮಾಣ ಮಾಡಿ ಬರೆದುಕೊಟ್ಟರೆ ಕೋರ್ಟಿನ ಮುಂದಿಡುತ್ತೇವೆ ಎಂದರು. ಇದರಿಂದ ನಿಮಗೇನೂ ದೊರೆಯುತ್ತದೆಂದು ಮಾತು ಕೊಡಲಾರೆ, ತೊಂದರೆ ಆಗುವುದೇ ಇಲ್ಲವೆಂದೂ ಹೇಳಲಾರೆ ಎಂದರು. ಹಾಗೆ ನೇರವಾಗಿ ಹೇಳಿದ್ದಕ್ಕೇ ನನಗೆ ಅವರ ಮೇಲೆ ಹೆಚ್ಚು ಭಯವಾಯಿತು.

"ಈ ಫೋಟೋದಲ್ಲಿ ನಿಜವಲ್ಲದ್ದು ಏನಾದರೂ ಇದೆಯೇ?" ಎಂದು ಮಗಳನ್ನು ಕೇಳಿದರು.

ಮಗಳು ಬಲಗೈಯ ತೋಳು ಮೇಲೆ ಸರಿಸಿ ದಾರ ತೋರಿಸಿದಳು. "ದಿಸ್. ದೇ ಟುಕ್ ದಿಸ್ ಔಟ್."

ವಕೀಲರು ದಾರವನ್ನು ನೋಡಿ, ಬರೆದುಕೊಂಡರು.

ಮಾರನೆಯ ದಿನವೇ ಮುಖ್ಯ ಕೋಚ್ ಮನೆಗೆ ಫೋನ್ ಮಾಡಿದರು. ವಕೀಲರು ಬಂದುಹೋದ ಸುದ್ದಿ ಅವರಿಗೆ ಯಾರು ಮುಟ್ಟಿಸಿದರೋ ಇವತ್ತಿಗೂ ತಿಳಿದಿಲ್ಲ. ವಕೀಲರ ಹೆಸರೇ ಅವರ ಮಾತಿನಲ್ಲಿ ಬರಲಿಲ್ಲ. ನಿಮ್ಮದು ಎಷ್ಟು ಒಳ್ಳೆಯ ಕುಟುಂಬ ಎಂದರು. ನಿಮ್ಮ ಮಗಳಿಗೆ ಒಳ್ಳೆಯ ಭವಿಷ್ಯವಿದೆ, ಈ ವಯಸ್ಸಿನ ಮಕ್ಕಳನ್ನು ಬೇರೆಯವರು ತಮ್ಮ ಕೆಲಸಕ್ಕೆ ಬಳಸಿಕೊಂಡುಬಿಡುತ್ತಾರೆ, ತಾಯಿಯಾಗಿ ನಿಮಗೆ ನಾನು ಹೇಳಬೇಕಾಗಿಲ್ಲ ಎಂದರು. ಹಿತವಾದ ಮಾತುಗಳೇ. ಆದರೆ ಮಾತು ಶುರುಮಾಡುವಾಗ ನಮ್ಮ ಮನೆತನದ ಹೆಸರು ಹಿಡಿದು ನನ್ನನ್ನು ಕರೆದಿದ್ದರು. ಅವಳು ಆ ತಂಡ ಸೇರಿದಾಗಿನಿಂದ ಒಮ್ಮೆಯೂ ಅವರಿಗೆ ಆ ಹೆಸರು ಹೇಳಲು ಬಂದಿರಲಿಲ್ಲ, ನಗುತ್ತಾ ಅರ್ಧಕ್ಕೇ ಬಿಡುತ್ತಿದ್ದರು. ಆ ದಿನ ಒಂದು ಅಕ್ಷರವೂ ತಪ್ಪಲಿಲ್ಲ. ಫೋನ್ ಇಟ್ಟ ಮೇಲೆ ನನಗೆ ಉಳಿದದ್ದು ಅದೊಂದೇ. ಅಭ್ಯಾಸ ಮಾಡಿಕೊಂಡು ಫೋನ್ ಮಾಡಿದ್ದಾರೆ.

ಮಧ್ಯಾಹ್ನದ ಊಟಕ್ಕೆ ಕುಳಿತಾಗ ಮಾತು ಬಂತು. ಯಜಮಾನರು ಡೆಟ್ರಾಯ್ಟ್‌ಗೆ ಹೊರಡುವ ಹೊತ್ತಾಗಿತ್ತು, ಬ್ಯಾಗು ಬಾಗಿಲಲ್ಲಿತ್ತು.

"ನೋಡು ಪುಟ್ಟಿ," ಎಂದರು. "ನಾನು ಅಲ್ಲಿ ತಲೆ ಬಗ್ಗಿಸ್ಕೊಂಡು ಕೂತಿದೀನಿ. ಪಕ್ಕದ ಕ್ಯೂಬಿಕಲ್ ಖಾಲಿ ಆದ್ರೂ ಆ ಕಡೆ ನೋಡಲ್ಲ. ಯಾಕೆ? ಇದೊಂದು ಕಾಲ ದಾಟಿಬಿಡ್ಲಿ ಅಂತ. ನೀನೂ ಹಾಗೇ ದಾಟಿಬಿಡು. ಬೇರೆಯವರ ಜಗಳ ಅದು."

"ಅಪ್ಪಾ, ನಾನು ಆ ಪೇಪರ್‌ಗೆ ಸೈನ್ ಮಾಡಿದೆ. ದ ಅಪಾಲಜಿ. ದಟ್ ವಾಸ್ ಎ ಲೈ."

"ಸುಳ್ಳಲ್ಲ, ಮರ್ಯಾದೆ ಅದು," ಎಂದೆ ನಾನು. "ದೊಡ್ಡವರ ಮುಂದೆ ಸಾರಿ ಅಂದ್ರೆ ಏನೂ ಕಳ್ಕೊಳ್ಳಲ್ಲ."

"ಆಂಟಿ ಹ್ಯಾಡ್ ಟು ಟೇಕ್ ದ ಶಾಲ್ ಬ್ಯಾಕ್, ಅಮ್ಮಾ. ನೀನು ಅಳ್ತಾ ಮನೆಗೆ ಬಂದೆ. ಅಪ್ಪ ಹೇಳಿದ್ರು."

ನಾನು ಯಜಮಾನರತ್ತ ನೋಡಿದೆ. ಅವರು ಅನ್ನ ಕಲಸುತ್ತಿದ್ದರು, ತುಂಬಾ ಹೊತ್ತು ಕಲಸಿದರು.

"ಸ್ಕಾಲರ್‌ಶಿಪ್ ಹೋದ್ರೆ?" ಎಂದು ಕೇಳಿದೆ. ಆ ಮನೆಯಲ್ಲಿ ಆ ಮಾತು ಬಾಯಿಂದ ಹೊರಬಿದ್ದದ್ದು ಅದೇ ಮೊದಲು.

"ದೆನ್ ಇಟ್ ಗೋಸ್," ಎಂದಳು. ಧೈರ್ಯದಿಂದ ಹೇಳಿದಳೆಂದು ನಾನು ಬರೆಯಲಾರೆ. ಅವಳ ಕೆಳತುಟಿ, ಬಾಲವಾಡಿಗೆ ಬಿಟ್ಟು ಬಂದ ಮೊದಲ ದಿನದ ಹಾಗೆ, ಒಂದು ಪಕ್ಕಕ್ಕೆ ಎಳೆದುಕೊಂಡಿತ್ತು. ಯಜಮಾನರು ಕೈ ತೊಳೆದು ಬಂದು ಅವಳ ತಲೆಯ ಮೇಲೆ ಒದ್ದೆ ಕೈಯಿಟ್ಟು ಹೊರಟುಹೋದರು. ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಗ್ಯಾರೇಜಿನ ಬಾಗಿಲು ಇಳಿಯುವ ಸದ್ದನ್ನು ನಾವಿಬ್ಬರೂ ಕೊನೆಯವರೆಗೂ ಕೇಳಿದೆವು. ಆ ವಾರವೇ ಅವಳು ವಕೀಲರ ಬಳಿ ಹೋಗಿ ಎಲ್ಲವನ್ನೂ ಹೇಳಿ ಸಹಿ ಮಾಡಿದಳು.

ಆಮೇಲೆ ಏನೂ ಆಗಲಿಲ್ಲ. ಅದೇ ಭಯಂಕರವಾಗಿತ್ತು. ಯಾರೂ ಬೈಯಲಿಲ್ಲ, ಕರೆದು ಕೇಳಲಿಲ್ಲ. ಅವಳನ್ನು ಪಂದ್ಯದ ಕೊನೆಯ ನಿಮಿಷಗಳಲ್ಲಿ ಅಂಗಳಕ್ಕೆ ಇಳಿಸುತ್ತಿದ್ದರು, ಆಮೇಲೆ ಅದೂ ಇಲ್ಲ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇರುತ್ತದೆ ಎಂದು ಒಂದು ಸಲ ಹೇಳಿದಳು, ಮತ್ತೆ ಹೇಳಲಿಲ್ಲ. ಬೇಸಿಗೆ ಬಂತು. ಎದುರು ಮನೆಯ ಹುಲ್ಲು ಮೊಳಕಾಲುದ್ದ ಬೆಳೆಯಿತು. ದಿನಾ ಅಂಚೆಯವರ ಗಾಡಿಯ ಸದ್ದಾದಾಗ ನಾನು ಒಲೆ ಸಣ್ಣ ಮಾಡಿ ಕಿಟಕಿಗೆ ಬರುತ್ತಿದ್ದೆ. ಜೂನ್ ಮುಗಿಯುವ ಹೊತ್ತಿಗೆ ಯೂನಿವರ್ಸಿಟಿಯ ಪತ್ರ ಬಂತು. ತಂಡದ ಅಗತ್ಯಗಳನ್ನು ನೋಡಿಕೊಂಡು ಮುಂದಿನ ವರ್ಷಕ್ಕೆ ಸ್ಕಾಲರ್‌ಶಿಪ್ ಮುಂದುವರಿಸುತ್ತಿಲ್ಲ, ಶುಭವಾಗಲಿ. ಕಾರಣದ ಜಾಗದಲ್ಲಿ ಕಾರಣವೇನೂ ಇರಲಿಲ್ಲ.

ಮೇಲ್ಮನವಿ ಹಾಕಿದಳು. ಅದೂ ಮರ್ಯಾದೆಯ ಮಾತುಗಳಲ್ಲೇ ತಿರಸ್ಕೃತವಾಯಿತು. ಅವಳ ಸಾಮಾನು ತರಲು ಯಜಮಾನರೂ ನಾನೂ ಹೋದೆವು. ಬರುವಾಗ ಅವಳು ಹಿಂದಿನ ಸೀಟಿನಲ್ಲಿ ದಿಂಬು, ಬಕೆಟ್ಟು, ಶೂಗಳ ನಡುವೆ ಕುಳಿತಿದ್ದಳು. ಹಲಗೆ ಬರುವ ಮೊದಲೇ ಯಜಮಾನರು ಏನೋ ಮಾತು ತೆಗೆದರು, ನಾನೂ ಏನೋ ಉತ್ತರ ಕೊಟ್ಟೆ. ಅದು ಇನ್ನೂ ಅಲ್ಲೇ ಇತ್ತು. ಬಿಸಿಲಿಗೆ ಕೆಂಪು ಬಣ್ಣವೆಲ್ಲ ಮಾಸಿ ಅವಳ ಮುಖ ತಿಳಿ ನೀಲಿಯಾಗಿತ್ತು, ಹೊಸ ಜಾಹೀರಾತು ಕೊಡುವವರು ಸಿಕ್ಕದೆ ಹಾಗೇ ಬಿಟ್ಟಿದ್ದರು. ಸೀಸನ್ ಟಿಕೆಟ್‌ಗಳ ಫೋನ್ ನಂಬರು ಮಾತ್ರ ಚೆನ್ನಾಗಿ ಓದಬಹುದಿತ್ತು. ಕನ್ನಡಿಯಲ್ಲಿ ನೋಡಿದೆ. ಅವಳು ತಲೆ ಎತ್ತಿ, ಅದು ಹಿಂದೆ ಸರಿಯುವವರೆಗೂ ನೋಡಿದಳು, ಪರಿಚಯವಿಲ್ಲದ ಯಾರನ್ನೋ ನೋಡುವ ಹಾಗೆ.

ಆ ದಾವೆ ಮುಂದೆ ವರ್ಷಗಟ್ಟಲೆ ನಡೆಯಿತು. ಅವಳ ಹೇಳಿಕೆ ಎಷ್ಟೋ ಕಟ್ಟುಗಳ ನಡುವೆ ಒಂದಾಗಿ ಎಲ್ಲೋ ಸೇರಿಹೋಯಿತು. ಅವಳು ಮನೆಯಿಂದಲೇ ಓಡಾಡುವಂಥ ಕಾಲೇಜಿಗೆ ಸೇರಿ ಓದು ಮುಗಿಸಿದಳು. ತಂಡವೆಂದು ಮತ್ತೆ ಯಾವುದಕ್ಕೂ ಸೇರಲಿಲ್ಲ. ಈಗ ಟೀವಿಯಲ್ಲಿ ಆಟಗಾರರಿಗೆ ಪಾಲು ಕೊಡುವ ಸುದ್ದಿ ಬಂದಾಗ ನಾನು ಅವಳ ಮುಖ ನೋಡುತ್ತೇನೆ, ಅವಳು ಚಾನೆಲ್ ಬದಲಾಯಿಸುತ್ತಾಳೆ.

ಆದರೆ ನಾನು ಬರೆಯಹೊರಟದ್ದು ಆ ಬೇಸಿಗೆಯ ಒಂದು ಮಧ್ಯಾಹ್ನದ ವಿಷಯ. ಸಾಮಾನು ತಂದು ಹೆಚ್ಚು ದಿನವಾಗಿರಲಿಲ್ಲ, ಪೆಟ್ಟಿಗೆಗಳು ಇನ್ನೂ ಹಜಾರದಲ್ಲೇ ಇದ್ದವು. ಹೇಳದೆ ಕೇಳದೆ ಹಾಫ್‌ಮನ್ ಎಸ್ಟೇಟ್ಸ್‌ನಿಂದ ಅಂಕಲ್ಲೂ ಅವರ ಹೆಂಡತಿಯೂ ಬಂದರು. ಅಂಕಲ್ ಕುರ್ಚಿಯ ತುದಿಯಲ್ಲಿ ಕುಳಿತು ಮಗಳತ್ತ ನೋಡಲಾರದೆ ನಮ್ಮ ಕಾರ್ಪೆಟ್ ನೋಡುತ್ತಿದ್ದರು.

"ಫ್ಲೈಯರ್ ಮಾಡಿದಾಂವ ನಾ ಅದೀನಿ," ಎಂದರು. "ಶಿಕ್ಷಾ ಆಕಿಗಾತು."

"ಅಂಕಲ್, ಇಟ್ ವಾಸ್ ಎ ನೈಸ್ ಫ್ಲೈಯರ್," ಎಂದಳು ಮಗಳು.

ಅವರು ನಗಲು ಹೋದರು. ಆಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

ಅವರ ಹೆಂಡತಿ ಕೈಚೀಲದಿಂದ ಒಂದು ಕವರ್ ತೆಗೆದರು. ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು, ನಾನೇ ಕೊಟ್ಟು ಬಂದಿದ್ದ ಕವರ್. ಒಳಗೆ ತುಪ್ಪದ ಬಣ್ಣದ ಶಾಲು, ನಾನು ಮಡಿಸಿದ ಮಡಿಕೆಯಲ್ಲೇ ಇತ್ತು. ಅಷ್ಟು ತಿಂಗಳು ಅದನ್ನು ಯಾರಿಗೂ ಕೊಟ್ಟಿರಲಿಲ್ಲ, ಬಿಚ್ಚಿಯೂ ಇರಲಿಲ್ಲ.

ಅವರು ನನ್ನನ್ನು ನೋಡಿದರು. ಅವತ್ತು ರವಿಕೆ ಕಣ ಹಿಡಿದು ನಿಂತಾಗ ಇದ್ದ ಮುಖವೇ.

"ಈಗ ಕೊಡಬಹುದಲ್ಲಾ?"

ಕೊಡಬಹುದಿತ್ತು. ಈಗ ಯಾರು ಏನು ಬೇಕಾದರೂ ಕೊಡಬಹುದಿತ್ತು, ಯಾವ ಆಫೀಸಿನವರೂ ಬೆಲೆ ಕೇಳುತ್ತಿರಲಿಲ್ಲ. ಹೂಂ ಎನ್ನಲು ಬಾಯಿ ತೆರೆದೆ. ಮಗಳು ಪೆಟ್ಟಿಗೆಗಳನ್ನು ದಾಟಿಕೊಂಡು ಬಂದು, ಯಾರೂ ಹೇಳುವ ಮೊದಲೇ ಆಂಟಿಯ ಮುಂದೆ ಬಗ್ಗಿದಳು.